ಗುರುತಿಲ್ಲದವರ ಪೆಟ್ಟಿಗೆ

ತೋಕಿಯೆಯವರು ಹಳೆಯ ಭಾವಚಿತ್ರವೊಂದನ್ನು ಕೈಗೆತ್ತಿಕೊಂಡರೆ ಅದರಲ್ಲಿರುವ ಮುಖಗಳನ್ನು ಮೊದಲು ನೋಡುತ್ತಿರಲಿಲ್ಲ. ಬೆನ್ನ ಹಿಂದಿನ ಗೋಡೆ, ಬಾಗಿಲ ಮೇಲಿನ ಸಂಖ್ಯೆ, ಒಣಗಲೆಂದು ಸೂರಿಗೆ ತೂಗುಹಾಕಿದ ಮೂಲಂಗಿ, ಮೂಲೆಯಲ್ಲಿ ಅರ್ಧವಷ್ಟೇ ಕಾಣುವ ಸಾರ್ವಜನಿಕ ಸ್ನಾನಗೃಹದ ಮೆಟ್ಟಿಲು, ಇವನ್ನೆಲ್ಲ ಕನ್ನಡಕವನ್ನು ಹಣೆಗೇರಿಸಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಪರಿಶೀಲಿಸಿ, ಕಟ್ಟಕಡೆಗೆ, ಮರ್ಯಾದೆಗೆಂಬಂತೆ, ಅಲ್ಲಿ ನಗುತ್ತಲೋ ಮುನಿದೋ ನಿಂತ ಮನುಷ್ಯರತ್ತ ಕಣ್ಣು ಹಾಯಿಸುತ್ತಿದ್ದರು.

ಜಪಾನಿನ ಕ್ಯೂಷು ದ್ವೀಪದ ನಮ್ಮ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ಆಗಲೇ ಮೂವತ್ತು ವರ್ಷವಾಗಿತ್ತು. ಹದಿನಾರನೆಯ ವಯಸ್ಸಿನಿಂದ ಗಣಿಯ ಕೊನೆಯ ದಿನದವರೆಗೆ, ಕಲ್ಲಿದ್ದಲು ಹೊತ್ತು ಓಡುವ ಪಟ್ಟಿಯ ಬದಿಯಲ್ಲಿ ನಿಂತು ಅದರೊಳಗಿನ ಕಲ್ಲು ಆರಿಸಿದ ಹೆಂಗಸರಲ್ಲೊಬ್ಬರು ಅವರು. ಆ ನಿಲುವಿನ ಫಲವಾಗಿ ಎಡಭುಜ ಶಾಶ್ವತವಾಗಿ ಜಗ್ಗಿ, ನಡೆದರೆ ಎದುರುಗಾಳಿಗೆ ಓರೆಯಾಗಿ ಸಾಗುವ ದೋಣಿಯಂತೆ ಕಾಣುತ್ತಿದ್ದರು. ಕಂಪನಿ ಕೊಟ್ಟ ನೀಲಿ ಕೋಟು ಮೊಣಕೈಗೆ ತೇಪೆ ಹಾಕಿಸಿಕೊಂಡು ಇನ್ನೂ ಮೈಮೇಲಿತ್ತು. ಅದರ ಒಂದು ಜೇಬಿನಲ್ಲಿ ಹತ್ತಿಯ ಕೈಗವಸು, ಇನ್ನೊಂದರಲ್ಲಿ ಮೆತ್ತನೆಯ ಮೊನೆಯ ಪೆನ್ಸಿಲು. ಚಿತ್ರದ ಬೆನ್ನಿಗೆ ಯಾರಾದರೂ ಶಾಯಿ ಮುಟ್ಟಿಸಿದರೆ ಅವರಿಗೆ ಅಂದು ಚಹಾ ಸಿಗುತ್ತಿರಲಿಲ್ಲ. ನನಗೇ ಎರಡು ಸಲ ಸಿಗಲಿಲ್ಲ.

ಗಣಿ ಕಾರ್ಮಿಕರ ಸಾಲುಮನೆಗಳನ್ನು ಕೆಡವಿದಾಗ, ಊರು ಬಿಟ್ಟವರು ಮರೆತು ಹೋದ ಬಿಡಿ ಚಿತ್ರಗಳು ಗೂಡುಗಳಿಂದ, ಚಾಪೆಯಡಿಯಿಂದ, ಬಿಸ್ಕತ್ತಿನ ಡಬ್ಬಿಗಳಿಂದ ಸಾವಿರಗಟ್ಟಲೆ ಹೊರಬಿದ್ದು ಪುರಭವನಕ್ಕೆ ಬಂದವು. ಅವನ್ನು ವಿಂಗಡಿಸಲು ಕಚೇರಿಯವರು ಕರೆದದ್ದು ನಾಲ್ಕು ಜನರನ್ನು. ತಿಂಗಳ ನಂತರ ಉಳಿದದ್ದು ತೋಕಿಯೆ ಮತ್ತು ನಾನು. ಸುರುಳಿಯಾದದ್ದನ್ನು ಅವರು ಬಲವಂತವಾಗಿ ಬಿಡಿಸುತ್ತಿರಲಿಲ್ಲ. ಒಂದು ದಿನ ತೇವದ ಗಾಳಿಯಲ್ಲಿಟ್ಟು, ಅದು ತಾನಾಗಿ ಸಡಿಲಿದ ಮೇಲೆ ಒತ್ತುಕಾಗದದ ನಡುವೆ ಮಲಗಿಸುತ್ತಿದ್ದರು. ಒಂದೊಂದಕ್ಕೂ ಒಂದು ಕಾಗದದ ಲಕೋಟೆ. ಲಕೋಟೆಗಳನ್ನು ಹಗುರ ಮರದ ಪೆಟ್ಟಿಗೆಗಳಲ್ಲಿ ನಿಲ್ಲಿಸಿ ಜೋಡಿಸುತ್ತಿದ್ದದ್ದು ಜಾಗದ ಕ್ರಮದಲ್ಲಿ: ಎರಡನೆಯ ಸಾಲು, ನಾಲ್ಕನೆಯ ಸಾಲು, ಸ್ನಾನಗೃಹ, ಶಾಲೆಯ ಅಂಗಳ. ಮುಖಗಳ ಪ್ರಕಾರ ಯಾಕೆ ಬೇಡ ಎಂದು ಕೇಳಿದ್ದಕ್ಕೆ, ಮುಖ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ, ಗೋಡೆ ಅಷ್ಟು ಬೇಗ ಬದಲಾಗುವುದಿಲ್ಲ ಎಂದರು.

ಪುರಸಭೆಯ ಸೊನೊದಾ ಒಳ್ಳೆಯ ಮನುಷ್ಯ, ಆದರೆ ಅವರಿಗೆ ಜಾಗದ ಚಿಂತೆ. ಹೆಸರು ಸಿಕ್ಕ ಚಿತ್ರಗಳನ್ನು ಉಳಿಸಿಕೊಂಡು, ಹೆಸರಿಲ್ಲದವನ್ನು ವರ್ಷಾಂತ್ಯಕ್ಕೆ ದೇವಾಲಯದಲ್ಲಿ ಮಂತ್ರ ಹೇಳಿಸಿ ಅಗ್ನಿಗೆ ಕೊಡುವುದೆಂದು ಅವರು ತೀರ್ಮಾನಿಸಿದರು. ಆ ಪೆಟ್ಟಿಗೆಗಳ ಮೇಲೆ ‘ಗುರುತಿಲ್ಲದವರು’ ಎಂಬ ಚೀಟಿಯನ್ನೂ ಅಂಟಿಸಿದರು.

ತೋಕಿಯೆ ಚೀಟಿಯನ್ನು ಬಹಳ ಹೊತ್ತು ಓದಿ ಕೇಳಿದರು: “ಯಾರಿಗೆ ಗುರುತಿಲ್ಲ ಸಾಹೇಬ್ರೇ? ನಿಮಗೋ, ಅವರ ಮನೆಯೋರಿಗೋ?”

“ಅಮ್ಮಾ, ಮೂರು ವರ್ಷದಿಂದ ಯಾರೂ ಕೇಳ್ಕೊಂಡು ಬಂದಿಲ್ವಲ್ಲ.”

“ಬಂದಿಲ್ಲ. ಹಾಗಂತ ಬರೋದೇ ಇಲ್ಲ ಅಂತ ಹೇಳಿ ಕಳಿಸಿದ್ದಾರಾ?”

ಸೊನೊದಾ ನಕ್ಕರು. ದಿನಾಂಕ ಮಾತ್ರ ಬದಲಾಗಲಿಲ್ಲ.

ಆ ದಿನಾಂಕಕ್ಕೆ ಎಂಟು ದಿನ ಇರುವಾಗ ಒಸಾಕಾದಿಂದ ಉಚಿನೋ ಎಂಬವರು ಬಂದರು. ಐವತ್ತರ ಹತ್ತಿರದವರು, ಬಸ್ಸು ಓಡಿಸುವ ಕೆಲಸ. ತಾಯಿ ತೀರಿಕೊಂಡಾಗ ಅವರಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲವಂತೆ. ತಂದೆ ಮಗುವನ್ನೆತ್ತಿಕೊಂಡು ಊರು ಬಿಟ್ಟವರು ಒಂದು ಚಿತ್ರವನ್ನೂ ಒಯ್ದಿರಲಿಲ್ಲ. “ಮುಖ ಹೇಗಿತ್ತು ಅಂತ ಕೇಳ್ಬೇಡಿ, ನಾನು ನೋಡೇ ಇಲ್ಲ,” ಎಂದು ಅವರೇ ಮೊದಲು ಹೇಳಿಬಿಟ್ಟರು. ತಿಳಿದಿದ್ದದ್ದು ಇಷ್ಟೇ: ನಾಲ್ಕನೆಯ ಸಾಲು, ಕೊನೆಯ ನಲ್ಲಿಯ ಪಕ್ಕದ ಮನೆ.

ತೋಕಿಯೆ ಎದ್ದು ಹೋಗಿ ತಂದದ್ದು ಚೀಟಿ ಅಂಟಿಸಿದ ಪೆಟ್ಟಿಗೆಗಳಲ್ಲೊಂದು. ಆ ನಲ್ಲಿ ಕಾಣುವ ಚಿತ್ರಗಳು ಅದರಲ್ಲಿ ಹನ್ನೊಂದು. ಏಳನೆಯದರಲ್ಲಿ ಮೂವರು ಹೆಂಗಸರು ಬಕೆಟ್ಟುಗಳೊಡನೆ ನಿಂತಿದ್ದರು. ನಡುವಿನವಳ ಬೆನ್ನಿಗೆ ಕೂಸು. ಉಚಿನೋ ಮುಂದೆ ಬಾಗಿ, ಇವಳೇ ಇರಬಹುದಲ್ಲವೇ ಎಂದರು. ಸೊನೊದಾ ಕೂಡ ಹೌದೆನ್ನಿ ಎಂಬಂತೆ ಕಣ್ಸನ್ನೆ ಮಾಡಿದರು. ತೋಕಿಯೆ ಹೌದೆನ್ನಲಿಲ್ಲ. ಕೂಸು ಯಾರ ಬೆನ್ನಿಗೂ ಇರುತ್ತದೆ, ಆಗ ಎಲ್ಲರ ಕೂಸನ್ನೂ ಎಲ್ಲರೂ ಹೊರುತ್ತಿದ್ದರು ಎಂದು ಹೇಳಿ, ಕನ್ನಡಕ ಹಣೆಗೇರಿಸಿ ಮತ್ತೆ ಬಾಗಿದರು. ನನಗೆ ಅವರ ಮೇಲೆ ಸಿಟ್ಟೇ ಬಂತು.

ಬಹಳ ಹೊತ್ತಿನ ಮೇಲೆ, ಬೆರಳು ತಾಗಿಸದೆ ತೋರಿಸುತ್ತ ಹೇಳಿದರು: “ಇಷ್ಟು ದಿನ ನಾನು ನಲ್ಲೀನೇ ನೋಡ್ತಿದ್ದೆ, ಮುಖ ಸರಿಯಾಗಿ ನೋಡಿರ್ಲಿಲ್ಲ. ಈ ನಲ್ಲಿಗೆ ಬರ್ತಿದ್ದದ್ದು ಮೂರೇ ಮನೆಯೋರು. ಎಡಗಡೆಯೋಳು ಸುಮಿ, ನನ್ನ ಪಕ್ಕದಲ್ಲೇ ಕಲ್ಲು ಆರಿಸ್ತಿದ್ಳು. ಈ ಕೂಸು ಹೊತ್ತೋಳು ಹಾರುನೊ, ಅವಳೂ ನಮ್ಮ ಜೊತೆಯೋಳೇ. ಮಕ್ಕಳಾಗಲಿಲ್ಲ ಪಾಪ, ಸಿಕ್ಕಿದ ಕೂಸನ್ನೆಲ್ಲ ಎತ್ಕೊಳ್ತಿದ್ಳು. ಬಲಗಡೆಯೋಳು ನಂಗೆ ಗುರುತಿಲ್ಲ. ಆ ಇಬ್ಬರೂ ಬಹಳ ವರ್ಷ ನನ್ನ ಜೊತೆ ದುಡಿದೋರು, ಹಾಗಾಗಿ ಕೆಲಸಕ್ಕೆ ಬರದೆ, ಹೆಚ್ಚು ದಿನ ಬದುಕದೆ ಹೋದ ಮೂರನೇ ಮನೆಯೋಳು ಅಂದ್ರೆ ಅವಳೊಬ್ಬಳೇ.” ಆಮೇಲೆ ತಗ್ಗಿದ ದನಿಯಲ್ಲಿ, “ನಿಮ್ಮ ಅಮ್ಮ ಇವರೇ ಕಣಪ್ಪ. ನೋಡಿ, ಕೂಸಿನ ಕಡೆಗೇ ನೋಡ್ತಿದ್ದಾರೆ,” ಎಂದರು.

ಉಚಿನೋ ಚಿತ್ರವನ್ನು ಎರಡೂ ಕೈಗಳಲ್ಲಿ ಹಿಡಿದು ಕಿಟಕಿಯ ಬಳಿಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ತಾಯಿಯ ಹೆಸರೇನೆಂದು ತೋಕಿಯೆ ಕೇಳಿದಾಗ, ಮಿತ್ಸುಯೆ ಎಂದರು. ಸಂಜೆಯೊಳಗೆ ಸ್ಟುಡಿಯೋದಲ್ಲಿ ನಕಲು ತೆಗೆಸಿದ್ದಾಯಿತು. ಮೂಲಪ್ರತಿ ಮಗನ ಕೈಗೆ, ನಕಲು ಪೆಟ್ಟಿಗೆಗೆ. ತೋಕಿಯೆ ಉಳಿದಿಬ್ಬರ ಹೆಸರನ್ನೂ ಬರೆದೇ ಲಕೋಟೆ ಮುಚ್ಚಿದರು. ಮರುದಿನ ಸೊನೊದಾ ದೇವಾಲಯಕ್ಕೆ ಫೋನು ಮಾಡಿ, ಈ ವರ್ಷ ಬೇಡ ಎಂದರು. ಮುಂದಿನ ವರ್ಷವೂ ಅವರು ಆ ಮಾತೆತ್ತಲಿಲ್ಲ.

ಊರು ತನ್ನ ಗಣ್ಯರನ್ನು ಹೇಗಾದರೂ ನೆನಪಿಟ್ಟುಕೊಳ್ಳುತ್ತದೆ. ಅವರಿಗೆ ಶಿಲಾಫಲಕವಿದೆ, ಬೀದಿಯ ಹೆಸರಿದೆ. ಉಳಿದವರ ಪಾಲಿಗೆ ಇರುವವರು ತೋಕಿಯೆಯಂಥವರು, ತಮಗೆ ಏನೂ ಆಗಬೇಕಾಗಿಲ್ಲದ ಜನರಿಗಾಗಿ ಜಾಗ ಬಿಟ್ಟುಕೊಂಡು ಕಾಯುವವರು. ಯಾರಾದರೂ ಬಂದೇ ಬರುತ್ತಾರೆಂಬ ಭರವಸೆ ಅವರಿಗೇನೂ ಇರುವುದಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಬೇಕಾದೀತೆಂಬ ಸಂಕೋಚವಷ್ಟೇ ಇರುತ್ತದೆ. ಲೋಕದ ಬಹುಪಾಲು ಕರುಣೆ ಆ ಸಂಕೋಚದ ಬಲದಿಂದಲೇ ನಡೆಯುತ್ತಿದೆಯೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.