ಯಾರದೂ ಅಲ್ಲದ ಕೊಳವೆ

ಮಾರುಕಟ್ಟೆ ಬೀದಿಯನ್ನು ಒಂದೇ ಸಲ ಅಗೆದು, ನೀರು, ಗ್ಯಾಸು, ಕೇಬಲ್ಲು ಮೂರನ್ನೂ ಹೂತು, ಒಂದೇ ಸಲ ಡಾಂಬರು ಹಾಕಬೇಕು. ಇಂಡೋನೇಷ್ಯಾದ ಸೆಮಾರಾಂಗ್ ನಗರದ ರಸ್ತೆ ಎಂಜಿನಿಯರ್ ವಿನಾರ್ಸಿಯ ಪಾಲಿಗೆ ಬಂದ ಕೆಲಸ ಇಷ್ಟೆ. ಅದಕ್ಕಾಗಿ ಒಂಬತ್ತು ಸಭೆ ಕರೆದಿದ್ದಳು. ಒಂಬತ್ತಕ್ಕೂ ಮೂರು ಕಂಪನಿಯವರು ಬಂದರು, ಬಾಳೆಲೆಯಲ್ಲಿ ಸುತ್ತಿದ ಲೆಂಪರ್ ಅನ್ನದ ಕಡುಬು ತಿಂದರು, ತಲೆಯಾಡಿಸಿ ಹೋದರು. ಕೇಬಲ್ಲಿನವರಂತೂ ಪ್ರತಿ ಸಲ ಹೊಸ ಮುಖ ಕಳಿಸುತ್ತಿದ್ದರು. "ನಾನು ಹೊಸಬ, ಬು. ಮೇಲಿನವರಿಗೆ ತಿಳಿಸ್ತೀನಿ" ಅನ್ನುವುದು ಅವರಿಗೆಲ್ಲ ಬಾಯಿಪಾಠ. ಅಲ್ಲಿ ಹೆಂಗಸರಿಗೆ 'ಬು', ಗಂಡಸರಿಗೆ 'ಪಾ' ಎಂದು ಸೇರಿಸುವುದು ಮರ್ಯಾದೆಯ ಮಾತು.

ಎಲ್ಲರಿಗಿಂತ ಹೆಚ್ಚು ಆಕೆಗೆ ಹೇಸಿಗೆ ಗ್ಯಾಸ್ ಕಂಪನಿಯ ಗುನಾದಿಯನ್ನು ಕಂಡರೆ. ಇಸ್ತ್ರಿ ಮುರಿಯದ ಬಾಟಿಕ್ ಅಂಗಿ, ಬಾಯಿ ತುಂಬ ನಗು, ಕೈಯಲ್ಲಿ ಬಣ್ಣಬಣ್ಣದ ನಕ್ಷೆ.

"ಇದರಲ್ಲಿ ಒಂದು ಗೆರೇನೂ ತಪ್ಪಿಲ್ಲ, ಬು. ಕಣ್ಮುಚ್ಚಿ ಅಗೀರಿ."

"ಕಣ್ಮುಚ್ಚಿ ಕೆಲಸ ಮಾಡೋದು ನಿಮಗೆ ರೂಢಿ, ಪಾ ಗುನಾದಿ. ನಾನು ಮೊದಲು ಸಲಿಕೇಲಿ ಅಗೆಸಿ ನೋಡ್ತೀನಿ."

ಅಗೆಸಿದಳು. ಸೋತೋ ಸಾರಿನ ಅಂಗಡಿಯೆದುರು ಎದೆಮಟ್ಟ ಗುಂಡಿ ತೋಡಿದ್ದ ಕೂಲಿಯಾಳು ಕಾಸ್ನೋ, ಟಣ್ಣೆಂದ ಸದ್ದಿಗೆ ಕೈ ನಿಲ್ಲಿಸಿದ. ತುಕ್ಕು ಹಿಡಿದ ಕಬ್ಬಿಣದ ಕೊಳವೆ. ಮೂರು ಕಂಪನಿಯ ನಕ್ಷೆಯಲ್ಲೂ ಅಲ್ಲಿ ಬರೀ ಮಣ್ಣು.

"ನಮ್ಮದಲ್ಲ" ಅಂದ ನೀರಿನವನು. "ನಾನು ಹೊಸಬ" ಅಂದ ಕೇಬಲ್ಲಿನವನು. ಬೂಟಿಗೆ ಕೆಸರು ತಾಗೀತೆಂದು ದೂರವೇ ನಿಂತಿದ್ದ ಗುನಾದಿ, "ಡಚ್ಚರ ಕಾಲದ್ದಿರಬೇಕು. ಕಿತ್ತು ಗುಜರಿಗೆ ಹಾಕಿ" ಅಂದ.

ವಿನಾರ್ಸಿ ವಾದಕ್ಕಿಳಿಯಲಿಲ್ಲ. ಹಾಳೆ ತೆಗೆದು ಬರೆದಳು: ಈ ಕೊಳವೆ ನಮ್ಮದಲ್ಲ, ಕತ್ತರಿಸಲು ಒಪ್ಪಿದ್ದೇವೆ.

"ಮೂವರೂ ರುಜು ಹಾಕಿ. ಕತ್ತರಿಸೋವಾಗ ಕಾಸ್ನೋ ಜೊತೆ ಗುಂಡೀಲಿ ನಿಂತಿರಿ, ಅಷ್ಟು ಸಾಕು."

ನೀರಿನವನು ಹಾಕಿದ. ಗುನಾದಿಯ ಪೆನ್ನು ಹಾಳೆಯ ಮೇಲೆ ನಿಂತೇ ಬಿಟ್ಟಿತು. "ಒಂದು ಫೋನ್ ಮಾಡಿ ಬರ್ತೀನಿ" ಎಂದು ಪಕ್ಕಕ್ಕೆ ಸರಿದ. ಮರಳಿದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಅದು... ನಮ್ದೇ ಅಂತೆ, ಬು. ಹಳೇ ಲೈನು. ಒಳಗೆ ಇನ್ನೂ ಗ್ಯಾಸ್ ಇದೆಯಂತೆ."

ಕಾಸ್ನೋ ಕಿವಿಗೆ ಸಿಕ್ಕಿಸಿದ್ದ ಸಿಗರೇಟು ತೆಗೆದು ಜೇಬಿಗಿಟ್ಟುಕೊಂಡು ಮೇಲೆ ಹತ್ತಿದ. "ಆ ನಕ್ಷೆ ಈ ಕಡೆ ಕೊಡಿ, ಪಾ. ಮೀನು ಸುತ್ತೋಕಾದ್ರೂ ಆಗುತ್ತೆ."

ವಿನಾರ್ಸಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡಲು ಎದುರಿಗೆ ಮನುಷ್ಯ ಅನ್ನಿಸಿಕೊಳ್ಳುವವನಾದರೂ ಇರಬೇಕಲ್ಲ. ರಸ್ತೆ ಮುಚ್ಚಿಸಿ, ಗ್ಯಾಸು ನಿಲ್ಲಿಸಿ, ಸುಣ್ಣದ ಡಬ್ಬಿಯನ್ನು ಗುನಾದಿಯ ಕೈಗೇ ಕೊಟ್ಟಳು. ಸುಡುಬಿಸಿಲಲ್ಲಿ ಬಗ್ಗಿ ಬಗ್ಗಿ ಅವನೇ ಬೀದಿಯುದ್ದ ಹಳೇ ಲೈನಿನ ಗುರುತು ಹಾಕಿದ.

ಕೆಲಸ ಹನ್ನೊಂದು ದಿನ ತಡವಾಯಿತು. ಆದರೆ ಬೀದಿಯನ್ನು ಒಂದೇ ಸಲ ಅಗೆದರು, ಒಂದೇ ಸಲ ಮುಚ್ಚಿದರು. ಉದ್ಘಾಟನೆಯ ದಿನ ಗುನಾದಿ ಮೈಕು ಹಿಡಿದು, "ಇದೆಲ್ಲ ನಮ್ಮ ಕಂಪನಿಯ ನಿಖರ ನಕ್ಷೆಯ ಫಲ" ಅಂದ. ಜನ ಚಪ್ಪಾಳೆ ತಟ್ಟಿದರು. ವಿನಾರ್ಸಿ ಭಾಷಣ ಮುಗಿಯುವ ಮೊದಲೇ ಸ್ಕೂಟರ್ ಹತ್ತಿ ಊಟಕ್ಕೆ ಹೋದಳು.