ತಿರುಗಿ ಬಂದ ಕುಂಬಳಕಾಯಿ

ಭಾನುವಾರ ಮಧ್ಯಾಹ್ನ ಎರಡು ಗಂಟೆ. ವಿಲಾಯತಿಯ ಕೆಂಟನ್ನಿನಲ್ಲಿ ಕನ್ನಡದವರು ಬಾಡಿಗೆಗೆ ಹಿಡಿದಿದ್ದ ಸಭಾಂಗಣದಲ್ಲಿ ಐತಪ್ಪ ಒಂದು ಸಿಹಿಗುಂಬಳಕಾಯಿ ಮಾರಿದರು. ಸ್ವಲ್ಪ ಹೊತ್ತಿಗೆ ಅದೇ ಕಾಯಿಯನ್ನು ಮತ್ತೆ ಮಾರಾಟಕ್ಕೆ ಎತ್ತಿ ಹಿಡಿದರು.

ಬಸವನಗುಡಿಯಲ್ಲಿ ಬೆಳೆದ ಕಾಮಾಕ್ಷಿ ಇಂಥ ಏಲಂ ನೋಡಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಐತಪ್ಪನವರ ಹೆಂಡತಿ ಸ್ವರ್ಣಲತಾ ಕಡೆ ಬಾಗಿದಳು.

"ಅದನ್ನ ಆಗ್ಲೇ ವಿಕಾಸ ತಗೊಂಡ್ರಲ್ಲ? ಮತ್ತೆ ಯಾಕೆ ಮಾರ್ತಿದಾರೆ?"

"ಅವರು ತಿರುಗಿ ಕೊಟ್ರು. ನಮ್ಮ ಊರ ಭಜನಾ ಮಂದಿರದಲ್ಲೂ ಹಾಗೇ. ಮನೆಗೆ ಒಯ್ದರೆ ಒಂದು ದಿನದ ಸಾಂಬಾರು. ಇಲ್ಲೇ ಬಿಟ್ಟರೆ ಇನ್ನೊಬ್ಬರು ಬೆಲೆ ಕೂಗ್ತಾರೆ, ಮತ್ತೆ ದುಡ್ಡು ಬರ್ತದೆ."

"ಕೊನೆಗೆ ಕಾಯಿ ಯಾರಿಗೆ?"

"ಪಲ್ಯದ ಆಸೆ ತಡೀಲಿಕ್ಕೆ ಆಗದವರಿಗೆ. ನೀವು ಪ್ರಶ್ನೆ ಜಾಸ್ತಿ ಕೇಳ್ತೀರಿ ಮಾರಾಯ್ರೆ."

ಏಲಂ ನಡೆಯುತ್ತಿದ್ದದ್ದು ಮಂಗಳವಾರದ ತರಗತಿಗಾಗಿ. ಕೈ ನಡುಗಿಸಿ ನಡಿಗೆ ತಡೆಯುವ ಪಾರ್ಕಿನ್ಸನ್ಸ್ ಕಾಯಿಲೆ ಇರುವವರಿಗೆ ಫಿಸಿಯೋಥೆರಪಿಸ್ಟ್ ಒಬ್ಬರು ಇದೇ ಸಭಾಂಗಣದಲ್ಲಿ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿಸುತ್ತಿದ್ದರು. ಅದಕ್ಕೆ ಒಂದು ಟ್ರಸ್ಟ್ ಕೊಡುತ್ತಿದ್ದ ನೆರವು ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಕಾಮಾಕ್ಷಿ ದೇಣಿಗೆಗೆ ಆನ್‌ಲೈನ್ ಪುಟ ಮಾಡಿದ್ದಳು, ಪಕ್ಕದ ಕ್ವೀನ್ಸ್‌ಬರಿಯ ಅಂಗಡಿಗಳ ಗಾಜಿಗೆ ಚೀಟಿ ಅಂಟಿಸಿದ್ದಳು, ವಾಟ್ಸಾಪ್ ಗುಂಪುಗಳಲ್ಲಿ ಬರೆದಿದ್ದಳು. ಕೈಮುಗಿಯುವ ಚಿತ್ರಗಳು ಬಂದವು, ದುಡ್ಡು ಬರಲಿಲ್ಲ. ಎದುರು ಸಿಕ್ಕವರು ಕೇಳುತ್ತಿದ್ದದ್ದು ಒಂದೇ: "ನಮ್ಮಲ್ಲಿ ಯಾರಿಗಿದೆ ಇದು?"

ಆಕೆಯ ಗಂಡ ಚಂದ್ರಶೇಖರ್‌ಗೆ ಇತ್ತು. ಅದು ಅವರ ಆಫೀಸಿಗೆ ಗೊತ್ತಿತ್ತು, ಜಿಪಿ ಡಾಕ್ಟರಿಗೆ ಗೊತ್ತಿತ್ತು, ಕನ್ನಡದವರಿಗೆ ಗೊತ್ತಿರಲಿಲ್ಲ. "ಹೇಳಿದ್ರೆ ದಿನಕ್ಕೊಬ್ರು ಫೋನ್ ಮಾಡಿ ಕಷಾಯ ಹೇಳ್ತಾರೆ," ಎಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಬಂದರೆ ಅವರ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿತ್ತು. ತರಗತಿ ಶುರುವಾದ ಮೇಲೆ ಬಾಯಲ್ಲೇ ತಾಳ ಹಾಕಿಕೊಂಡು ದಾಟುತ್ತಿದ್ದರು. ತರಗತಿ ನಿಂತರೆ ಮತ್ತೆ ಬಾಗಿಲಲ್ಲೇ ನಿಲ್ಲುತ್ತಾರೆಂಬ ಭಯ ಕಾಮಾಕ್ಷಿಗೆ.

ಎರಡನೇ ಸುತ್ತಿನಲ್ಲಿ ಹೇಸ್‌ನಿಂದ ಬಂದಿದ್ದ ರಜತ್ ಗೆದ್ದ.

"ಯಾರ ಹೆಸರಲ್ಲಿ?" ಐತಪ್ಪ ಕೇಳಿದರು. ಗೆದ್ದವರನ್ನೆಲ್ಲ ಹಾಗೆ ಕೇಳುವುದೂ ಕ್ರಮವೇ.

"ನಮ್ಮತ್ತೆ ಹೆಸರಲ್ಲಿ."

"ಅತ್ತೆಗೆ ಏನಾಗಿದೆ?"

"ಏನೂ ಆಗಿಲ್ಲ. ಅದೇ ತೊಂದರೆ."

ಸಭೆ ನಕ್ಕಿತು. ರಜತ್ ಕಾಯಿಯನ್ನು ತಿರುಗಿ ಕೊಟ್ಟ. ಆದರೆ ಮೂರನೇ ಸುತ್ತಿಗೆ ಕೈಗಳು ಏಳಲಿಲ್ಲ. ಕಾಮಾಕ್ಷಿ ಫೋನಿನಲ್ಲಿ ಕೂಡಿಟ್ಟ ಲೆಕ್ಕ ನೋಡಿದಳು. ಬೇಕಾದದ್ದರ ಅರ್ಧವೂ ಆಗಿರಲಿಲ್ಲ.

"ಏನು, ಎಲ್ಲರೂ ಕೈ ಫ್ರಿಜ್ಜಲ್ಲಿಟ್ಟು ಬಂದಿದ್ದೀರಾ?" ಐತಪ್ಪ ಗದರಿದರು.

"ಯಾರದ್ದೋ ಕಾಯಿಲೆಗೆ ಎಷ್ಟು ಸಲ ಕೂಗೋದಪ್ಪ," ಎಂದು ಹಿಂದಿನ ಸಾಲಿನಿಂದ ಗೋಪೀನಾಥ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಆಗ ಗೋಡೆಬದಿಯ ಕುರ್ಚಿಯಲ್ಲಿದ್ದ ಚಂದ್ರಶೇಖರ್ ಕೋಟಿನ ಜೇಬಿನಿಂದ ಬಲಗೈ ತೆಗೆದು ಮೇಲೆತ್ತಿದರು.

"ಚಂದ್ರಣ್ಣ, ಬೇಡ ಅಂತ ಕೈ ಆಡಿಸ್ತೀರೋ, ಬೇಕು ಅಂತಲೋ?"

"ನಾನು ಆಡಿಸ್ತಿಲ್ಲ ಐತಪ್ಪ, ಅದೇ ಆಡುತ್ತೆ. ಬೇಕು."

ಐತಪ್ಪನವರ ನಗು ಅರ್ಧಕ್ಕೆ ನಿಂತಿತು. ಆದರೂ ಕ್ರಮ ಬಿಡಲಿಲ್ಲ. "ಯಾರ ಹೆಸರಲ್ಲಿ?"

"ನನ್ನ ಹೆಸರಲ್ಲೇ. ಮಂಗಳವಾರ ಇಲ್ಲಿಗೆ ಬರೋದು ನಾನೇ."

ಚಂದ್ರಶೇಖರ್ ಕಾಯಿ ತೆಗೆದುಕೊಳ್ಳಲು ಎದ್ದು ಹೊರಟರು. ಎರಡು ಸಾಲು ಕುರ್ಚಿಗಳ ನಡುವಿನ ಇಕ್ಕಟ್ಟಿಗೆ ಬಂದಾಗ ಕಾಲು ನಿಂತಿತು. ಕಾಮಾಕ್ಷಿ ಅರ್ಧ ಎದ್ದಳು. ಅಷ್ಟರಲ್ಲಿ ಐತಪ್ಪ ಮೇಜಿಗೆ ಅಂಗೈ ಬಡಿದು ಕೂಗಿದರು: "ಒಂದನೇ ಸಲ!" ಒಂದು ಕಾಲು ಎದ್ದಿತು. "ಎರಡನೇ ಸಲ!" ಇನ್ನೊಂದು ಎದ್ದಿತು. "ಮೂರನೇ ಸಲ!" ಎಂದಾಗಲೂ ಚಂದ್ರಶೇಖರ್ ಮೇಜಿನಿಂದ ದೂರವೇ ಇದ್ದರು. ಐತಪ್ಪ ಅವರ ಕಾಲನ್ನೇ ನೋಡುತ್ತ, ಮೇಜು ಬಡಿಯುತ್ತ, ಮತ್ತೆ ಒಂದರಿಂದ ಶುರು ಮಾಡಿದರು.

"ಮೂರಾದ ಮೇಲೆ ಮತ್ತೆ ಒಂದು ಅನ್ನೋದೂ ಕ್ರಮವಾ?" ಕಾಮಾಕ್ಷಿ ಪಿಸುಗುಟ್ಟಿದಳು.

"ಇಲ್ಲ," ಎಂದರು ಸ್ವರ್ಣಲತಾ. "ಇವತ್ತೇ ನೋಡಿದ್ದು."

ಚಂದ್ರಶೇಖರ್ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು, ಒಂದು ಕ್ಷಣ ಎದೆಗೆ ಒತ್ತಿ ಹಿಡಿದರು, ತಿರುಗಿ ಮೇಜಿನ ಮೇಲಿಟ್ಟರು. ಮುಂದಿನ ಸುತ್ತಿಗೆ ಮೊದಲು ಎದ್ದ ಕೈ ಗೋಪೀನಾಥನದು.

ಅಕ್ಟೋಬರಿನ ಮೊದಲ ಮಂಗಳವಾರ ತರಗತಿ ಎಂದಿನಂತೆ ನಡೆಯಿತು. ಹೆಜ್ಜೆ ಹಾಕಲು ಇಬ್ಬರು ಹೊಸಬರು ಬಂದಿದ್ದರು. ಇಬ್ಬರೂ ಆ ಭಾನುವಾರ ಸಭಾಂಗಣದಲ್ಲಿ ಕೂತಿದ್ದವರು.