ಕೂರಿಗೆ ಕೊಟ್ಟವರ ಹೊಲದ ಜೋಳ

ಹುಲಿಕೆರೆಯ ಧರಣಪ್ಪನ ಹೊಲದಲ್ಲಿ ಜೋಳದ ಸುಳಿ ಒಣಗಿದ್ದು ಅದು ಮೂರನೇ ವರ್ಷ. ನೆರೆಯವರ ಜೋಳ ಎದೆಮಟ್ಟ ಎದ್ದು ತೂಗುತ್ತಿತ್ತು. ಇವನದು ಗೇಣುದ್ದದಲ್ಲೇ ಬಾಡಿತ್ತು. ಹೆಂಡತಿ ರಾಜಮತಿ ಒಂದು ಸಸಿಯ ನಡುವಿನ ಎಲೆ ಹಿಡಿದು ಎಳೆದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅದು ಕೈಗೆ ಬಂತು. ಬುಡ ಕೊಳೆತು ನಾರುತ್ತಿತ್ತು.

ಪಕ್ಕದ ಹೊಲದ ಗಂಗಯ್ಯ ಬದುವಿಗೆ ಬಂದು ನಿಂತ.

"ಹುಳಕ್ಕೂ ಗೊತ್ತಾಗೈತೆ ಕಣ್ರೀ. ಜೈನರ ಹೊಲದಾಗಿದ್ರೆ ಯಾರೂ ಹೊಡೆಯಾಕಿಲ್ಲ ಅಂತ."

ಸಲಿಗೆಯ ಮಾತೇ. ಆದರೂ ಧರಣಪ್ಪನಿಗೆ ನಾಟಿತು. ಮಾರನೇ ದಿನ ಅರಸೀಕೆರೆಗೆ ಹೋದವನು ಮದ್ದಿನ ಡಬ್ಬಿ ತಂದು ಕೊಟ್ಟಿಗೆಯ ಅಟ್ಟದ ಮೇಲಿಟ್ಟ.

"ಹೊಡೆದುಬಿಡ್ತೀನಿ ಕಣೇ. ಅಪ್ಪನ ಕಾಲದಿಂದ ಈ ಹೊಲಕ್ಕೆ ವಿಷ ಬಿದ್ದಿಲ್ಲ, ನಿಜ. ಆದ್ರೆ ಮಕ್ಕಳಿಗೆ ರೊಟ್ಟಿ ಬೇಡ್ವಾ?"

ದೀಪಕ್ಕೆ ಬರುವ ಹುಳ ಅನ್ನಕ್ಕೆ ಬಿದ್ದು ಸಾಯಬಾರದೆಂದು ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುವ ಮನೆ ಅದು. ಮದ್ದು ಹೊಡೆಯುವವರನ್ನೆಲ್ಲ ರಾಜಮತಿ ಪಾಪಿಗಳೆಂದು ಎಣಿಸಿದವಳಲ್ಲ. ಆದರೆ ತನ್ನ ಗಂಡ ಇರುವೆಯ ಸಾಲು ಕಂಡರೆ ದಾರಿ ಬಿಟ್ಟು ನಡೆಯುವ ಮನುಷ್ಯ. ಆ ಕೆಲಸ ಮಾಡಿ ಬಂದ ದಿನ ಅವನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು.

ಆ ವಾರ ಗ್ರಾಮಸೇವಕ ಮರುಳಪ್ಪ ಸೈಕಲ್ಲಿನಲ್ಲಿ ಊರಿಗೆ ಬಂದ. ರಾಜಮತಿ ಅವನಿಗೆ ಮಜ್ಜಿಗೆ ಕೊಟ್ಟು ಹೊಲಕ್ಕೇ ಕರೆತಂದಳು. ಅವನು ಒಂದು ಸಸಿಯನ್ನು ಉಗುರಿನಲ್ಲಿ ಸೀಳಿ ತೋರಿಸಿದ. ಒಳಗೆ ಅಕ್ಕಿ ನುಚ್ಚಿನಷ್ಟು ಹುಳ ಮಿಸುಕುತ್ತಿತ್ತು.

"ಇದು ಸುಳಿ ನೊಣದ ಮರಿ, ರಾಜಮತಮ್ಮ. ನೊಣ ಎಲೆ ಅಡೀಲಿ ಮೊಟ್ಟೆ ಇಡುತ್ತೆ. ಮರಿ ಒಳಕ್ಕೆ ಇಳಿದು ಸುಳೀನ ಕತ್ತರಿಸುತ್ತೆ."

"ಹಂಗಾದ್ರೆ ಈಗ್ಲೇ ಮದ್ದು ಹೊಡೀಲಾ?" ಎಂದ ಧರಣಪ್ಪ.

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಒಣಗಿದ ಸುಳಿ ಮತ್ತೆ ಬರಾಕಿಲ್ಲ ಸ್ವಾಮಿ. ಅದಿರ್ಲಿ, ನೀವು ಬಿತ್ತಿದ್ದು ಯಾವ ಮಳೇಲಿ?"

"ಪುನರ್ವಸೂಲಿ."

"ಗಂಗಯ್ಯ?"

"ಅವನು ರೋಹಿಣೀಲೇ ಬಿತ್ತಿದ."

"ನೀವ್ಯಾಕೆ ಇಷ್ಟು ತಡ?"

ರಾಜಮತಿಯೇ ಹೇಳಿದಳು. "ಮೂರು ವರ್ಷದಿಂದ ಊರಿಗೆಲ್ಲ ಗಟ್ಟಿ ಕೂರಿಗೆ ಅಂದ್ರೆ ನಮ್ಮದೊಂದೇ. ಬಿತ್ತೋಕೆ ಎಲ್ಲರೂ ಇಲ್ಲಿಗೇ ಬರ್ತಾರೆ. ಕೇಳಿದೋರಿಗೆ ಮೊದಲು ಕೊಡು, ನಮ್ಮದು ಕಡೇಲಿ ಅಂತ ಮಾವನವರು ಹೇಳಿ ಹೋಗಿದ್ದಾರೆ. ಅದು ಊರು ಸುತ್ತಿ ಬರೋ ಹೊತ್ತಿಗೆ ತಿಂಗಳು ದಾಟುತ್ತೆ."

ಮರುಳಪ್ಪ ಕೈಯಲ್ಲಿದ್ದ ಸಸಿಯನ್ನು ಬದುವಿನ ಮೇಲಿಟ್ಟ. "ನಿಮ್ಮ ಒಳ್ಳೇತನವೇ ನಿಮಗೆ ಮುಳುವಾಗೈತೆ. ಬೇಸಿಗೇಲಿ ಪೈರು ಇರಾಕಿಲ್ಲ, ಅದಕ್ಕೇ ನೊಣ ಕಮ್ಮಿ. ಮೊದಲ ಮಳೇಲಿ ಬಿತ್ತಿದೋರ ಸಸಿ ತಿಂಗಳಲ್ಲಿ ಬಲಿತುಬಿಡುತ್ತೆ. ಆಮೇಲೆ ನೊಣದ ಆಟ ನಡೆಯಾಕಿಲ್ಲ. ಆದ್ರೆ ಅಲ್ಲಿ ಇಟ್ಟ ಮೊಟ್ಟೆ ಮೂರು ವಾರಕ್ಕೆ ನೊಣ ಆಗ್ತದೆ. ಅದರ ಮಕ್ಕಳು ಮೊಮ್ಮಕ್ಕಳು ಎಳೇ ಸಸಿ ಹುಡುಕ್ತವೆ. ಆಗ ಊರಲ್ಲಿ ಎಳೇ ಸಸಿ ಇರೋದು ನಿಮ್ಮ ಹೊಲದಲ್ಲಿ ಮಾತ್ರ."

"ನೊಣಕ್ಕೂ ಪಂಚಾಂಗ ಗೊತ್ತಾ?" ಧರಣಪ್ಪನಿಗೆ ನಂಬಿಕೆ ಬರಲಿಲ್ಲ.

ರಾಜಮತಿಯ ಮುಖ ಮಾತ್ರ ಅರಳಿತ್ತು. "ರೀ, ನಾವು ದೀಪ ಹಚ್ಚೋ ಮುಂಚೆ ಯಾಕೆ ಉಣ್ತೀವಿ? ಹುಳ ಬರೋ ಹೊತ್ತಿಗೆ ಊಟದ ಎಲೆ ಎತ್ತಿರಬೇಕು ಅಂತ ತಾನೇ? ಬಿತ್ತನೇನೂ ಹಂಗೇ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಅಂತ ಅತ್ತೆ ಸುಮ್ಮನೆ ಅಂತಿದ್ರಾ?"

ಧರಣಪ್ಪ ಅವಳನ್ನೇ ನೋಡಿದ. ಮಾತು ಎದೆಗೆ ಇಳಿದಿತ್ತು. "ಸರಿ ಕಣೇ. ಆದ್ರೆ ಕೂರಿಗೆ ಕೇಳೋಕೆ ಬಂದೋರಿಗೆ ತಡೀರಿ ಅನ್ನೋಕೆ ನಂಗೆ ಬಾಯಿ ಬರಲ್ಲ. ಅಪ್ಪನ ಮಾತು ಅದು."

ಬದುವಿನಾಚೆ ಕಳೆ ಕೀಳುತ್ತಿದ್ದ ಗಂಗಯ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವತ್ತು ಅವನು ತಮಾಷೆ ಮಾಡಲಿಲ್ಲ.

ಮರುವರ್ಷ ರೋಹಿಣಿ ಮಳೆ ಚೆನ್ನಾಗಿ ಹುಯ್ದಿತು. ನೆಲ ಹದವಾದ ಬೆಳಗ್ಗೆ ಅಂಗಳದಲ್ಲಿ ಎತ್ತಿನ ಗಂಟೆ ಸದ್ದಾಯಿತು. ಗಂಗಯ್ಯ ಬಂದಿದ್ದ. ಧರಣಪ್ಪ ಎಂದಿನಂತೆ ಕೂರಿಗೆ ತಂದು ಅವನ ಮುಂದಿಟ್ಟ.

"ನಡೀರಿ, ನಿಮ್ಮ ಹೊಲಕ್ಕೆ," ಎಂದ ಗಂಗಯ್ಯ.

"ಮೊದಲು ನಿಂದು ಆಗ್ಲಿ ಗಂಗಯ್ಯ."

"ಮೂರು ವರ್ಷ ನಾವು ಮೊದ್ಲು ಬಿತ್ತಿ, ನಮ್ಮ ಹೊಲದ ನೊಣಾನ ನಿಮ್ಮ ಹೊಲಕ್ಕೆ ಅಟ್ಟಿದ್ದೀವಿ. ಗೊತ್ತಿರ್ನಿಲ್ಲ ಕಣ್ರೀ. ನಿಮ್ಮಪ್ಪಾರು ಕೇಳಿದೋರಿಗೆ ಮೊದ್ಲು ಕೊಡು ಅಂದಿದ್ರಲ್ಲ. ಈ ಸಲ ನಾನು ಕೇಳ್ತಾ ಇರೋದು ನಿಮ್ಮ ಹೊಲ ಬಿತ್ತಾಕೆ."

ಬಾಗಿಲಲ್ಲಿದ್ದ ರಾಜಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಊರವರು ಹಳೇಬೀಡಿನ ನೆಂಟರಿಂದ ಇನ್ನೂ ಎರಡು ಕೂರಿಗೆ ತಂದರು. ಎಂಟು ದಿನದೊಳಗೆ ಹುಲಿಕೆರೆಯ ಜೋಳದ ಹೊಲವೆಲ್ಲ ಬಿತ್ತಿ ಮುಗಿಯಿತು. ಕೆಲವು ಸಸಿ ಸತ್ತರೂ ಪೈರು ತೆಳುವಾಗದಿರಲೆಂದು, ಮರುಳಪ್ಪ ಹೇಳಿದಂತೆ ಬೀಜವನ್ನೂ ತುಸು ಹೆಚ್ಚೇ ಹಾಕಿದ್ದರು.

ತಿಂಗಳು ಕಳೆದ ಮೇಲೆ ರಾಜಮತಿ ಅದೇ ಬದುವಿನಲ್ಲಿ ಕೂತು ಒಂದು ಸುಳಿ ಹಿಡಿದು ಎಳೆದಳು. ಅದು ಬರಲಿಲ್ಲ. ಇನ್ನೊಂದನ್ನು ಎಳೆದಳು, ಅದೂ ಬರಲಿಲ್ಲ. ಅಲ್ಲೊಂದು ಇಲ್ಲೊಂದು ಒಣಗಿತ್ತು, ಅಷ್ಟೇ. ಧರಣಪ್ಪ ಮುಚ್ಚಳ ತೆರೆಯದ ಡಬ್ಬಿಯನ್ನು ಅಂಗಡಿಗೆ ವಾಪಸು ಕೊಟ್ಟು, ಬಿಸಿಲು ಇರುವಾಗಲೇ ಮನೆಗೆ ಬಂದ. ಅವತ್ತು ಅವನು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.

ಜೋಳ ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ, ಮೊದಲ ಹದ ಮಳೆಯಾದ ವಾರ ಹತ್ತು ದಿನದಲ್ಲಿ ಬಿತ್ತನೆ ಮುಗಿಸಿ. ನೀವೊಬ್ಬರೇ ಅಲ್ಲ, ಅಕ್ಕಪಕ್ಕದವರೆಲ್ಲ ಒಟ್ಟಿಗೆ ಬಿತ್ತಿ. ಕೂರಿಗೆ ಇಲ್ಲದವರಿಗೆ ಕೂರಿಗೆ ಕೊಡಿ, ಕೊಟ್ಟವರ ಹೊಲ ಬಿತ್ತಿ ಆಯಿತೋ ಇಲ್ಲವೋ ಅಂತ ಒಂದು ಮಾತು ಕೇಳಿ. ತೀರಾ ತಡವಾಗಿದ್ದರೆ ಜೋಳದ ಬದಲು ಬೇರೇನು ಬಿತ್ತಬಹುದೆಂದು ನಿಮ್ಮ ಗ್ರಾಮಸೇವಕರನ್ನು ವಿಚಾರಿಸಿ. ಹುಳಕ್ಕೂ ಒಂದು ಹೊತ್ತಿದೆ. ಅದು ಬರುವ ಮೊದಲೇ ನಿಮ್ಮ ಎಲೆ ಎತ್ತಿರಲಿ.